ಹದಿಹರೆಯದ ಮಕ್ಕಳ ಜೊತೆಗಿನ ಮಾತುಕತೆಗೆ ಅಂಕ ಕೊಡೋದು: ನನ್ನದು 84, ಮಗಳದು ಗೊತ್ತಿಲ್ಲ

ತಿಳಿನೀರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 14 ವರ್ಷ. ಅವಳ ಶಾಲೆಯಲ್ಲಿ ಒಂದು ಸಂಶೋಧನಾ ತಂಡದವರು ಪ್ರಶ್ನಾವಳಿ ಕೊಟ್ಟಿದ್ದರು. ಹದಿಹರೆಯದ ಮಕ್ಕಳು ಮತ್ತು ಅಪ್ಪ-ಅಮ್ಮನ ನಡುವೆ ಮಾತುಕತೆ ಹೇಗಿದೆ ಅಂತ ಅಳೆಯೋದಕ್ಕಂತೆ. ಒಟ್ಟು 20 ಹೇಳಿಕೆಗಳು. ಪ್ರತಿಯೊಂದಕ್ಕೂ 'ಖಂಡಿತ ಒಪ್ಪಲ್ಲ' ಅನ್ನೋದಕ್ಕೆ 1, 'ಖಂಡಿತ ಒಪ್ತೀನಿ' ಅನ್ನೋದಕ್ಕೆ 5, ಹೀಗೆ ಗುರುತು ಹಾಕಬೇಕು. ನನಗೊಂದು ಹಾಳೆ, ನನ್ನ ಯಜಮಾನರಿಗೊಂದು. ಮಗಳಿಗೆ ಎರಡು ಸಲ, ಅಮ್ಮನ ಬಗ್ಗೆ ಬೇರೆ, ಅಪ್ಪನ ಬಗ್ಗೆ ಬೇರೆ. ಅವರವರದು ಅವರವರೇ ತುಂಬಿ, ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟೆವು. ಯಜಮಾನರು ಊರಲ್ಲಿ ಇರಲಿಲ್ಲ, ಅವರದು ಹಾಗೇ ಉಳಿಯಿತು.

ನನ್ನ ಅಂಕ 84 ಅಂತ ತಿಳಿಸಿದರು. ಮಗಳದು ಕೇಳಿದ್ದಕ್ಕೆ, ಅದು ಅವಳದು, ಹೇಳೋ ಹಾಗಿಲ್ಲ ಅಂದರು. ಹಾಗಂತ ಸುಮ್ಮನಾಗಿದ್ದರೆ ಆಗ್ತಿತ್ತು. ಈ ವಯಸ್ಸಲ್ಲಿ ಹೆತ್ತವರಿಗಿಂತ ಮಕ್ಕಳು ಕಡಿಮೆ ಅಂಕ ಕೊಡೋದು ಸಾಮಾನ್ಯ, ತಲೆ ಕೆಡಿಸಿಕೊಳ್ಳಬೇಡಿ ಅಂತ ಸೇರಿಸಿದರು. ಅವತ್ತಿಂದ ನನಗೆ ಅದೇ ಯೋಚನೆ.

ನಮ್ಮ ಮನೆಯಲ್ಲಿ ಮಾತಿಗೆ ಏನೂ ಕಡಿಮೆ ಇಲ್ಲ. ಅವಳು ಶಾಲೆಯಿಂದ ಬಂದ ತಕ್ಷಣ ಮಾತಾಡೋಕೆ ಕೂರ್ತೀನಿ. ಹಾಗಾದರೆ 84 ಅಂದರೆ ಒಳ್ಳೆಯದಾ? ಮಾತುಕತೆಯನ್ನ ನಿಜವಾಗಲೂ ಹೀಗೆ ಅಳೆಯೋಕೆ ಆಗುತ್ತಾ? ಅವಳು ಎಷ್ಟು ಹಾಕಿದಳು ಅಂತ ನೇರವಾಗಿ ಕೇಳಿಬಿಡಲಾ? ತಿಳಿದವರು ದಯವಿಟ್ಟು ಹೇಳಿ.

ಅಂಕಿಅಂಶ

ನಾನು ಇಂಥ ಪ್ರಶ್ನಾವಳಿಗಳ ಮೇಲೇ ಕೆಲಸ ಮಾಡುವವನು. ನೀವು ಹೇಳಿದ್ದನ್ನ ನೋಡಿದರೆ ಅದು ಹೋವರ್ಡ್ ಬಾರ್ನ್ಸ್ ಮತ್ತು ಡೇವಿಡ್ ಓಲ್ಸನ್ 1982ರಲ್ಲಿ ಮಾಡಿದ ಮಾಪಕ ಇರಬೇಕು. ಈ ವಿಷಯದಲ್ಲಿ ತುಂಬಾ ಬಳಕೆಯಲ್ಲಿರುವುದು ಅದೇ.

ಅದರಲ್ಲಿ ಎರಡು ಭಾಗ ಇದೆ. 10 ಹೇಳಿಕೆಗಳು ಮನಸ್ಸು ಬಿಚ್ಚಿ ಮಾತಾಡೋದರ ಬಗ್ಗೆ: ಅನಿಸಿದ್ದನ್ನ ಹಿಂಜರಿಯದೆ ಹೇಳ್ತೀನಾ, ಹೇಳಿದರೆ ಕೇಳಿಸಿಕೊಳ್ತಾರಾ, ಈ ಥರ. ಇನ್ನು 10 ತೊಡಕುಗಳ ಬಗ್ಗೆ: ಏನು ಹೇಳಬೇಕು ಅಂತ ಅಳೆದು ತೂಗ್ತೀನಾ, ಕೆಲವು ವಿಷಯ ಎತ್ತೋದೇ ಇಲ್ವಾ, ಸಿಟ್ಟು ಬಂದರೆ ಚುಚ್ಚಿ ಮಾತಾಡ್ತಾರಾ. ಈ ಎರಡನೇ ಭಾಗದ ಅಂಕಗಳನ್ನ ತಿರುಗಿಸಿ ಕೂಡ್ತಾರೆ, 5 ಇದ್ದರೆ 1 ಅಂತ. ಹಾಗಾಗಿ ಒಟ್ಟು ಅಂಕ 20ಕ್ಕಿಂತ ಕಡಿಮೆ ಬರಲ್ಲ, 100ಕ್ಕಿಂತ ಜಾಸ್ತಿ ಆಗಲ್ಲ.

ಇಲ್ಲೇ ಒಂದು ವಿಷಯ ಗಮನಿಸಿ. 84 ಅನ್ನೋದು ಪರೀಕ್ಷೆಯ 84 ಅಲ್ಲ. ಎಲ್ಲದಕ್ಕೂ ಮಧ್ಯದ 3 ಹಾಕಿದವರಿಗೂ 60 ಬರುತ್ತೆ. ಇಷ್ಟು ಬಂದರೆ ಪಾಸು, ಇಷ್ಟಕ್ಕಿಂತ ಕೆಳಗೆ ಬಂದರೆ ಫೇಲು ಅನ್ನೋ ಗೆರೆ ಯಾವುದೂ ಇಲ್ಲ. ಎರಡು ಭಾಗಗಳನ್ನ ಬಿಡಿಸಿ ನೋಡಿದರೆ ಮಾತ್ರ ಏನಾದರೂ ತಿಳಿಯುತ್ತೆ. ಒಂದು ಮನೆಯಲ್ಲಿ ಮಾತು ಧಾರಾಳ, ಆದರೆ ಮೂರು ವಿಷಯ ಎತ್ತೋ ಹಾಗಿಲ್ಲ. ಇನ್ನೊಂದು ಮನೆಯಲ್ಲಿ ಮಾತೇ ಕಡಿಮೆ, ಆದರೆ ಯಾವುದಕ್ಕೂ ಭಯ ಇಲ್ಲ. ಎರಡೂ ಮನೆಗೆ ಒಂದೇ ಮೊತ್ತ ಬರಬಹುದು.

ಅಳೆಯೋಕೆ ಆಗುತ್ತಾ ಅಂದರೆ, ಒಂದು ಮಟ್ಟಿಗೆ ಆಗುತ್ತೆ. ಈ ಮಾಪಕಕ್ಕೆ ಕ್ರಾನ್‌ಬಾಕ್ ಆಲ್ಫಾ ಸುಮಾರು 0.88 ಬಂದಿದೆ. ಅಂದರೆ 20 ಹೇಳಿಕೆಗಳಿಗೂ ಒಬ್ಬರು ಕೊಡುವ ಉತ್ತರಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ, ಬಾಯಿಗೆ ಬಂದ ಹಾಗೆ ಗುರುತು ಹಾಕಿರಲ್ಲ ಅಂತ. ಆದರೆ ನೀವು ಹಾಕಿದ್ದು ನಿಮಗೆ ಕಂಡದ್ದು. ಮನೆಯಲ್ಲಿ ನಡೆಯೋದೆಲ್ಲ ಅದರಲ್ಲಿ ಬಂತು ಅಂತ ಆಲ್ಫಾ ಹೇಳೋದಿಲ್ಲ.

ಕೇಳುವಕಿವಿ

ಶಾಲೆಯೊಂದರಲ್ಲಿ ಆಪ್ತಸಲಹೆಗಾರ್ತಿ ನಾನು. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ ಮೇಡಂ, ಯಾಕೆಂದರೆ ಅದು ತಡ ಮಾಡೋ ಹಾಗಿಲ್ಲ. ದಯವಿಟ್ಟು ಕೇಳಬೇಡಿ.

ಲಕೋಟೆ ಅಂಟಿಸಿ ಕೊಡಿ ಅಂದಾಗ ಅವಳಿಗೆ ಒಂದು ಮಾತು ಕೊಟ್ಟಿದ್ದಾರೆ. ಇದನ್ನ ಅಮ್ಮ ನೋಡಲ್ಲ ಅಂತ. ಆ ಮಾತನ್ನ ನಂಬಿ ಅವಳು ಗುರುತು ಹಾಕಿದ್ದಾಳೆ. ನೀವು ಎಷ್ಟೇ ಮೆತ್ತಗೆ ಕೇಳಿದರೂ ಅವಳಿಗೆ ಇರೋದು ಎರಡೇ ದಾರಿ. ನಿಜ ಹೇಳಿ ನಿಮ್ಮ ಮುಖ ನೋಡಬೇಕು, ಇಲ್ಲ ಸುಳ್ಳು ಹೇಳಬೇಕು. ಮಾತುಕತೆ ಚೆನ್ನಾಗಿರಲಿ ಅಂತ ಹೊರಟವರು ಮಗುವನ್ನ ಅಲ್ಲಿಗೆ ತಂದು ನಿಲ್ಲಿಸೋದು ಬೇಡ. ಮುಂದಿನ ಸಲ ಯಾರೇ ಹಾಳೆ ಕೊಟ್ಟರೂ ಅವಳು ಅಮ್ಮನಿಗೆ ಇಷ್ಟ ಆಗೋ ಅಂಕವನ್ನೇ ಹಾಕ್ತಾಳೆ.

ಅವಳದು ಕಡಿಮೆ ಇದ್ದೇ ಇರುತ್ತೆ ಅಂತ ನಾನು ಹೇಳ್ತಿಲ್ಲ. ಆದರೆ ಇದ್ದರೆ ಅದಕ್ಕೆ ನೀವು ಗಾಬರಿ ಬೀಳೋದು ಬೇಡ.

ದಾರಿಹೋಕ

ನನಗೆ ಈ ಅಳತೆಯ ವಿಷಯವೇ ಸರಿ ಕಾಣ್ತಿಲ್ಲ. ನನ್ನ ಮಗಳಿಗೆ ಈಗ 19. ಅವಳು ಹದಿನೈದು-ಹದಿನಾರರಲ್ಲಿ ಇದ್ದಾಗ ನಮ್ಮಿಬ್ಬರ ಮಧ್ಯೆ ದಿನಕ್ಕೆ ಹತ್ತು ಮಾತೂ ಆಗ್ತಿರಲಿಲ್ಲ. ಆಗ ಯಾರಾದರೂ ಹಾಳೆ ಕೊಟ್ಟಿದ್ದರೆ ನಾನೂ ಕಡಿಮೆ ಹಾಕ್ತಿದ್ದೆ, ಅವಳೂ ಕಡಿಮೆ ಹಾಕ್ತಿದ್ದಳು. ಆದರೆ ಒಂದು ರಾತ್ರಿ ಅವಳಿಗೆ ನಿಜವಾಗಲೂ ಕಷ್ಟ ಬಂದಾಗ ಬಂದು ಬಾಗಿಲು ತಟ್ಟಿದ್ದು ನನ್ನ ರೂಮಿನದೇ. ಅದನ್ನ ಯಾವ ಹಾಳೆ ಹಿಡಿಯುತ್ತೆ? ಅಂಕ ಹಾಕೋಕೆ ಶುರು ಮಾಡಿದರೆ ಅಪ್ಪ-ಅಮ್ಮ ಅಂಕಕ್ಕೋಸ್ಕರ ಮಾತಾಡ್ತಾರೆ. ಅದು ಮಕ್ಕಳಿಗೆ ತಕ್ಷಣ ಗೊತ್ತಾಗಿಬಿಡುತ್ತೆ.

ಅಂಕಿಅಂಶ

ದಾರಿಹೋಕ ಸರ್, ನೀವು ಹೇಳಿದ ಆ ರಾತ್ರಿಯನ್ನ ಹಿಡಿಯೋ ಪ್ರಶ್ನೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ಎಚ್‌ಬಿಎಸ್‌ಸಿ ಅಂತ ಒಂದು ಸಮೀಕ್ಷೆ ನಡೆಯುತ್ತೆ. ಯುರೋಪಿನ ಬಹಳಷ್ಟು ದೇಶಗಳು ಮತ್ತು ಕೆನಡಾದಲ್ಲಿ 11, 13, 15 ವರ್ಷದ ಮಕ್ಕಳನ್ನ 4 ವರ್ಷಕ್ಕೊಮ್ಮೆ ಕೇಳ್ತಾರೆ. ಎಷ್ಟು ಹೊತ್ತು ಮಾತಾಡ್ತೀರಿ ಅಂತ ಅದರಲ್ಲಿ ಕೇಳೋದೇ ಇಲ್ಲ. ನಿನ್ನನ್ನ ನಿಜವಾಗಲೂ ಕಾಡ್ತಿರೋ ವಿಷಯವನ್ನ ಅಮ್ಮನ ಹತ್ತಿರ ಹೇಳೋದು ಎಷ್ಟು ಸುಲಭ, ಅಪ್ಪನ ಹತ್ತಿರ ಎಷ್ಟು ಸುಲಭ ಅಂತ ಕೇಳ್ತಾರೆ. ತುಂಬಾ ಸುಲಭ, ಸುಲಭ, ಕಷ್ಟ, ತುಂಬಾ ಕಷ್ಟ. ಅಂಥವರು ನನಗಿಲ್ಲ ಅನ್ನೋಕೂ ಜಾಗ ಇದೆ.

ನಿಮ್ಮ ಮಗಳು ಆಗ 'ಸುಲಭ' ಅಂತಲೇ ಹಾಕ್ತಿದ್ದಳೇನೋ. ಮಾತು ಎಷ್ಟು ಆಡ್ತಾರೆ ಅನ್ನೋದು ಬೇರೆ, ಬೇಕಾದಾಗ ಬಾಗಿಲು ತೆರೆದಿದೆಯಾ ಅನ್ನೋದು ಬೇರೆ. ಒಳ್ಳೆಯ ಅಳತೆ ಇವೆರಡನ್ನ ಕಲಸಲ್ಲ.

ಈ ಸಮೀಕ್ಷೆಯಲ್ಲಿ ಸುತ್ತಿಂದ ಸುತ್ತಿಗೆ ಕಾಣುವ ಎರಡು ಸಂಗತಿ ಹೇಳಿಬಿಡ್ತೀನಿ. 11ರ ಮಕ್ಕಳಿಗಿಂತ 15ರವರಲ್ಲಿ 'ಸುಲಭ' ಅನ್ನೋರು ಕಡಿಮೆ. ಅಮ್ಮನಿಗಿಂತ ಅಪ್ಪನ ಹತ್ತಿರ ಹೇಳೋದು ಕಷ್ಟ, ಅದರಲ್ಲೂ ಹೆಣ್ಣುಮಕ್ಕಳಿಗೆ.

ಇಬ್ಬರಪ್ಪ

ಅಪ್ಪಂದಿರ ವಿಷಯ ಬಂತಲ್ಲ, ಹಾಗಾಗಿ ಕೇಳ್ತೀನಿ. ನನ್ನ ಮಗನಿಗೆ 16. ಏನಾದರೂ ಕೇಳಿದರೆ 'ಹೂಂ', 'ಇಲ್ಲ', 'ಗೊತ್ತಿಲ್ಲ'. ಅವನ ಅಮ್ಮನ ಹತ್ತಿರ ಅಡುಗೆಮನೆಯಲ್ಲಿ ನಿಂತುಕೊಂಡು ಗಂಟೆಗಟ್ಟಲೆ ಮಾತಾಡ್ತಾನೆ. ನಾನು ಒಳಗೆ ಹೋದರೆ ಮಾತು ನಿಲ್ಲುತ್ತೆ. ನನಗೆ ಹಾಳೆ ಕೊಟ್ಟರೆ ಏನು ಹಾಕಲಿ? ನಾನಂತೂ ದಿನಾ ಕೇಳ್ತೀನಿ. ಎಲ್ಲಿಗೆ ಹೋಗಿದ್ದೆ, ಯಾರ ಜೊತೆ, ಓದು ಎಲ್ಲಿಗೆ ಬಂತು. ಕೇಳೋದು ನನ್ನ ಕರ್ತವ್ಯ ಅಲ್ವಾ?

ಕೇಳುವಕಿವಿ

ಕರ್ತವ್ಯ ಹೌದು ಸರ್. ಆದರೆ ಈ ವಿಷಯದಲ್ಲಿ 2000ನೇ ಇಸವಿಯಲ್ಲಿ ಒಂದು ಕೆಲಸ ಬಂತು. ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಸ್ವೀಡನ್‌ನ 14 ವರ್ಷದ ಮಕ್ಕಳು ಮತ್ತು ಅವರ ಹೆತ್ತವರ ಮೇಲೆ ಮಾಡಿದ್ದು. ನನ್ನ ಕೆಲಸದ ರೀತಿಯನ್ನೇ ಬದಲಿಸಿದ ಸಂಶೋಧನೆ ಅದು.

ಅಲ್ಲಿಯ ತನಕ ಅಪ್ಪ-ಅಮ್ಮನಿಗೆ ಮಕ್ಕಳ ಓಡಾಟದ ಬಗ್ಗೆ ಎಷ್ಟು ಗೊತ್ತು ಅಂತ ಕೇಳಿ, ಅದಕ್ಕೆ 'ನಿಗಾ' ಅಂತ ಹೆಸರಿಡ್ತಿದ್ದರು. ಜಾಸ್ತಿ ಗೊತ್ತಿದ್ದರೆ ಜಾಸ್ತಿ ನಿಗಾ ಇಟ್ಟಿದ್ದಾರೆ ಅಂತ ಲೆಕ್ಕ. ಇವರು, ಆ ಗೊತ್ತಿರೋದು ನಿಮಗೆ ಎಲ್ಲಿಂದ ಬಂತು ಅಂತ ಬಿಡಿಸಿ ನೋಡಿದರು. ಮಗು ತಾನಾಗಿ ಬಂದು ಹೇಳಿದ್ದಾ? ನೀವು ಕೇಳಿ ತಿಳಿದದ್ದಾ? ಹೋಗೋ ಮುಂಚೆ ಹೇಳಿ ಹೋಗಬೇಕು ಅನ್ನೋ ಕಟ್ಟುಪಾಡಿನಿಂದ ತಿಳಿದದ್ದಾ? ಗೊತ್ತಿದ್ದರಲ್ಲಿ ದೊಡ್ಡ ಪಾಲು ಮಗು ತಾನಾಗಿ ಹೇಳಿದ್ದೇ ಆಗಿತ್ತು.

ಹಾಗಾಗಿ ನೀವು ದಿನಾ ಎಷ್ಟು ಕೇಳ್ತೀರಿ ಅನ್ನೋದರಿಂದ ನಿಮ್ಮ ಮನೆಯ ಮಾತುಕತೆ ಅಳೆಯೋಕೆ ಆಗಲ್ಲ. ಕೇಳದೇ ಇದ್ದಾಗ ಅವನು ಏನು ಹೇಳ್ತಾನೆ ಅನ್ನೋದನ್ನ ನೋಡಬೇಕು. ನನ್ನ ಹತ್ತಿರ ಬರುವ ಹೆತ್ತವರಿಗೆ ನಾನು ಹೇಳೋದು ಇದೊಂದೇ: ಈ ವಾರ ಅವನು ತಾನಾಗಿ ತಂದ ಮಾತು ಯಾವುದು, ನೆನಪು ಮಾಡಿಕೊಳ್ಳಿ. ವಿಷಯ ದೊಡ್ಡದಾಗಿರಬೇಕಿಲ್ಲ. ಯಾವುದೋ ಆಟದ ಸ್ಕೋರು, ಯಾರೋ ಮೇಷ್ಟ್ರು ಅಂದ ಮಾತು, ಏನಾದರೂ ಸರಿ. ಆಮೇಲೆ, ಅವನು ಹೇಳಿದ ಮೇಲೆ ನೀವು ಏನಂದಿರಿ ಅನ್ನೋದನ್ನೂ ನೆನಪು ಮಾಡಿಕೊಳ್ಳಿ. ಎರಡನೆಯದನ್ನ ಕೇಳಿದಾಗ ತುಂಬಾ ಜನ ಸ್ವಲ್ಪ ಹೊತ್ತು ಸುಮ್ಮನಾಗಿಬಿಡ್ತಾರೆ.

ನೀಲಿಪೆನ್ನು

ನನಗೆ 17. ಇಲ್ಲಿ ದೊಡ್ಡವರೇ ಇರೋದು ಅಂತ ಗೊತ್ತು, ಆದರೂ ಬರೀತಿದ್ದೀನಿ. ನಮ್ಮ ಕ್ಲಾಸಲ್ಲೂ ಇಂಥ ಹಾಳೆ ಕೊಟ್ಟಿದ್ದರು.

ತಿಳಿನೀರು ಆಂಟಿ, ನಾನು ನನ್ನ ಅಮ್ಮನಿಗೆ ಕಡಿಮೆ ಹಾಕಿದೆ. ಅಮ್ಮ ಅಂದರೆ ನನಗೆ ತುಂಬಾ ಇಷ್ಟ. ಅಮ್ಮ ನನ್ನ ಜೊತೆ ಜಾಸ್ತಿ ಮಾತಾಡ್ತಾರೆ, ನಾನು ಅವರ ಜೊತೆ ಅಷ್ಟು ಮಾತಾಡಲ್ಲ. ಅಮ್ಮನಿಗೆ ಇದು ಎರಡೂ ಒಂದೇ ಅನ್ನಿಸುತ್ತೆ. ನಾನು ಫ್ರೆಂಡ್ ಜೊತೆ ಜಗಳ ಆದ ವಿಷಯ ಹೇಳಿದೆ ಅಂದುಕೊಳ್ಳಿ. ಎರಡನೇ ವಾಕ್ಯಕ್ಕೇ 'ನಾನು ಆವತ್ತೇ ಹೇಳಿದ್ದೆ' ಅಂತ ಬರುತ್ತೆ. ಅದು ನಿಜ, ಆವತ್ತೇ ಹೇಳಿದ್ದರು. ಆದರೆ ಅಲ್ಲಿಗೆ ನನ್ನ ಮಾತು ಮುಗೀತು. ಮೂರನೇ ವಾಕ್ಯದಲ್ಲಿ ನಾನು ಏನು ಹೇಳಬೇಕು ಅಂತಿದ್ದೆನೋ ಅದು ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು, ಅಮ್ಮನಿಗೆ ಹೇಳಿದ್ದು ಫೋನಿನಲ್ಲಿ ದೊಡ್ಡಮ್ಮನಿಗೆ ಹೋಗುತ್ತೆ. ಕೆಟ್ಟ ಮನಸ್ಸಿಂದ ಅಲ್ಲ, ಖುಷಿಯಿಂದಲೇ ಹೇಳ್ತಾರೆ. ಆದರೆ ಮುಂದಿನ ಸಲ ದೊಡ್ಡಮ್ಮ ಸಿಕ್ಕಾಗ ನನ್ನ ವಿಷಯವನ್ನ ನನಗೇ ಹೇಳ್ತಾರೆ. 'ಏನು ಹೇಳಬೇಕು ಅಂತ ಯೋಚನೆ ಮಾಡಿ ಹೇಳ್ತೀನಿ' ಅನ್ನೋ ಥರದ ಒಂದು ಹೇಳಿಕೆ ಇತ್ತು. ಅದಕ್ಕೆ 5 ಹಾಕಿದೆ.

ಅಮ್ಮ ಅದೇ ಹಾಳೆಯಲ್ಲಿ ಎಷ್ಟು ಹಾಕಿರಬಹುದು ಅಂತ ನನಗೂ ಯೋಚನೆ ಬಂತು. ಜಾಸ್ತಿನೇ ಹಾಕಿರ್ತಾರೆ. ಅವರು ಸುಳ್ಳು ಹಾಕಿಲ್ಲ. ಅವರಿಗೆ ಹಾಗೇ ಕಾಣುತ್ತೆ.

ಸಂಜೆಗಾಳಿ

ನೀಲಿಪೆನ್ನು, ನೀನು ಬರೆದದ್ದನ್ನ ಎರಡು ಸಲ ಓದಿದೆ ಪುಟ್ಟಾ. ಬರೆದಿದ್ದಕ್ಕೆ ಥ್ಯಾಂಕ್ಸ್. ನನ್ನ ತಂಗಿಗೆ ಫೋನಲ್ಲಿ ನಾನೂ ಮಗನ ವಿಷಯ ಹೇಳ್ತಿರ್ತೀನಿ. ಇನ್ನು ಮೇಲೆ ಅವನನ್ನ ಕೇಳಿಯೇ ಹೇಳ್ತೀನಿ.

ಅಂಕಿಅಂಶ

ನೀಲಿಪೆನ್ನು ಕೊನೆಗೆ ಹೇಳಿದ ಮಾತು ಇದೆಯಲ್ಲ, ಇಬ್ಬರೂ ಸುಳ್ಳು ಹೇಳದೆಯೂ ಅಂಕಗಳು ದೂರ ಇರಬಹುದು ಅನ್ನೋದು, ಅದರ ಮೇಲೆ ದೊಡ್ಡ ಸಂಶೋಧನೆಯೇ ಇದೆ. 1987ರಲ್ಲಿ ಥಾಮಸ್ ಅಖನ್‌ಬಾಕ್ ಮತ್ತು ಜೊತೆಗಾರರು 119 ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದರು. ಅದು ಮಾತುಕತೆಯ ಮೇಲಲ್ಲ, ಮಕ್ಕಳ ನಡವಳಿಕೆ ಮತ್ತು ಮನಸ್ಸಿನ ತೊಂದರೆಗಳ ಮೇಲೆ. ಆದರೂ ಪಾಠ ಇಲ್ಲಿಗೂ ಹೊಂದುತ್ತೆ. ಅಪ್ಪ ಮತ್ತು ಅಮ್ಮ ಒಂದೇ ಮಗುವಿನ ಬಗ್ಗೆ ಹೇಳಿದ್ದು ಸುಮಾರು 0.60ರಷ್ಟು ಹೊಂದಿಕೆಯಾಗ್ತಿತ್ತು. ಮಗು ತನ್ನ ಬಗ್ಗೆ ಹೇಳಿದ್ದಕ್ಕೂ ಬೇರೆಯವರು ಅದರ ಬಗ್ಗೆ ಹೇಳಿದ್ದಕ್ಕೂ ಹೊಂದಿಕೆ ಬರೀ 0.22. ಪೂರ್ತಿ ಹೊಂದಿದರೆ 1 ಬರಬೇಕು.

ಬಾರ್ನ್ಸ್ ಮತ್ತು ಓಲ್ಸನ್ ಅವರ 1985ರ ಅಧ್ಯಯನದಲ್ಲೂ ಇದೇ ಆಯಿತು. 426 ಕುಟುಂಬಗಳು. ತೀರಾ ಬಿಗಿಯೂ ಅಲ್ಲದ, ತೀರಾ ಸಡಿಲವೂ ಅಲ್ಲದ ಮನೆಗಳಲ್ಲಿ ಮಾತುಕತೆ ಚೆನ್ನಾಗಿರುತ್ತೆ ಅನ್ನೋದು ಅವರ ಊಹೆ. ಹೆತ್ತವರ ಉತ್ತರ ನೋಡಿದರೆ ಊಹೆ ಸರಿ. ಮಕ್ಕಳ ಉತ್ತರ ನೋಡಿದರೆ ಸರಿ ಬರಲಿಲ್ಲ. ಮನೆ ಅದೇ, ಪ್ರಶ್ನೆಗಳೂ ಅವೇ.

ಹಾಗಾದರೆ ಯಾರ ಉತ್ತರ ನಿಜ ಅಂತ ಕೇಳ್ತಾರೆ. ನನ್ನ ಅಭಿಪ್ರಾಯ ಗಟ್ಟಿಯಾಗೇ ಹೇಳ್ತೀನಿ: ಇಬ್ಬರದನ್ನೂ ಕೂಡಿ ಎರಡರಿಂದ ಭಾಗಿಸಿ 'ಇದು ಈ ಮನೆಯ ಅಂಕ' ಅನ್ನೋದು ಅತಿ ಕೆಟ್ಟ ಕೆಲಸ. ಅಮ್ಮ 84, ಮಗಳು 52 ಅಂದುಕೊಳ್ಳಿ, ಬರೀ ಉದಾಹರಣೆಗೆ. ಸರಾಸರಿ 68. ಇಬ್ಬರೂ 68 ಹಾಕಿದ ಮನೆಯೂ 68. ಈ ಎರಡು ಮನೆ ಒಂದೇನಾ? ಮೊದಲನೆಯದರಲ್ಲಿ ಅಮ್ಮನಿಗೆ ಗೊತ್ತಿಲ್ಲದ್ದು ಏನೋ ಇದೆ. ಎರಡನೆಯದರಲ್ಲಿ ಇಬ್ಬರಿಗೂ ತೊಡಕು ಎಲ್ಲಿದೆ ಅಂತ ಗೊತ್ತಿದೆ. ಎರಡನೇ ಮನೆಗೆ ಸಹಾಯ ಮಾಡೋದು ಸುಲಭ.

ದಾರಿಹೋಕ

ಇದನ್ನ ಒಪ್ತೀನಿ. ಹಾಗಿದ್ದರೂ ಒಂದು ಪ್ರಶ್ನೆ. ಎಲ್ಲವೂ ಅನಿಸಿಕೆಯೇ ಆಯಿತಲ್ಲ? ಹಾಳೆ ಬಿಟ್ಟು, ನಿಜವಾಗಿ ನಡೆಯೋ ಮಾತನ್ನೇ ಯಾರೂ ನೋಡಲ್ವಾ?

ಮುಂಜಾವು

ನೋಡ್ತಾರೆ. ನಾನು ಕೆಲವು ಕಾಲ ಅದೇ ಕೆಲಸ ಮಾಡಿದ್ದೀನಿ. ಅಪ್ಪ ಅಥವಾ ಅಮ್ಮ ಮತ್ತು ಮಗುವನ್ನ ಒಂದು ರೂಮಲ್ಲಿ ಕೂರಿಸಿ, ಮನೆಯಲ್ಲಿ ಪದೇ ಪದೇ ಜಗಳ ಆಗುವ ಒಂದು ವಿಷಯ ಆರಿಸಿಕೊಂಡು ಸುಮಾರು 10 ನಿಮಿಷ ಮಾತಾಡಿ ಅಂತಾರೆ. ವಿಡಿಯೋ ಆಗುತ್ತೆ ಅಂತ ಇಬ್ಬರಿಗೂ ಗೊತ್ತಿರುತ್ತೆ, ಇಬ್ಬರೂ ಒಪ್ಪಿರ್ತಾರೆ. ವಿಷಯ ಆರಿಸೋಕೆ 44 ವಿಷಯಗಳ ಒಂದು ಪಟ್ಟಿ ಬಳಕೆಯಲ್ಲಿದೆ. ಫೋನ್, ಬಟ್ಟೆ, ಮನೆಗೆ ಬರೋ ಹೊತ್ತು, ರೂಮು ಗಲೀಜು, ಹೀಗೆ. ಈಚೆಗೆ ಇದರ ಬಗ್ಗೆ ಮಾತಾಡಿದ್ದೀರಾ, ಆಗ ಎಷ್ಟು ಸಿಟ್ಟು ಬಂದಿತ್ತು ಅಂತ ಇಬ್ಬರೂ ಬೇರೆ ಬೇರೆ ಗುರುತು ಹಾಕ್ತಾರೆ.

ವಿಡಿಯೋ ನೋಡಿ ನಾವು ಪ್ರತಿ ಮಾತಿಗೂ ಗುರುತು ಹಾಕಬೇಕು. ತರಬೇತಿಗೆ ಅಂತ ಬರೆದುಕೊಂಡ ಒಂದು ತುಣುಕು ಕೊಡ್ತೀನಿ, ಯಾವ ಕುಟುಂಬದ್ದೂ ಅಲ್ಲ:

ಅಪ್ಪ: ಫೋನ್ ವಿಷಯದಲ್ಲಿ ನಿನಗೆ ಏನನ್ನಿಸುತ್ತೆ, ಹೇಳು.
ಮಗ: ಏನೂ ಇಲ್ಲ.
ಅಪ್ಪ: ಏನೂ ಇಲ್ಲ ಅಂದರೆ ಹೇಗೆ? ರಾತ್ರಿ ಹನ್ನೆರಡರ ತನಕ ನೋಡ್ತಿರ್ತೀಯ. ಪರೀಕ್ಷೆ ಇದ್ದರೂ ಅಷ್ಟೇ. ನಾವೇನು ಬೇಡ ಅಂದ್ವಾ?
ಮಗ: ಅಲ್ಲ, ಗ್ರೂಪಲ್ಲಿ ಎಲ್ಲರೂ ಆ ಹೊತ್ತಿಗೇ...
ಅಪ್ಪ: ಎಲ್ಲರೂ ಮಾಡ್ತಾರೆ ಅಂತ ನೀನೂ ಮಾಡ್ತೀಯಾ?
ಮಗ: ಹೂಂ.

ಹಾಳೆಯಲ್ಲಿ ಈ ಅಪ್ಪ 'ಮಗನ ಅಭಿಪ್ರಾಯ ಕೇಳ್ತೀನಿ' ಅಂತ 5 ಹಾಕಬಹುದು. ಸುಳ್ಳಲ್ಲ, ಮೊದಲ ಸಾಲಿನಲ್ಲೇ ಕೇಳಿದ್ದಾರೆ. ನಾವು ಗುರುತು ಹಾಕಿದ್ದು ಹೀಗೆ: ಪ್ರಶ್ನೆಯ ರೂಪದಲ್ಲಿ ನಾಲ್ಕು ಮಾತು, ಅದರಲ್ಲಿ ಉತ್ತರ ಬೇಕು ಅಂತ ಕೇಳಿದ್ದು ಒಂದೇ. ಮಗ ಒಂದು ಕಾರಣ ಹೇಳೋಕೆ ಹೊರಟ. ಅದು ಅರ್ಧಕ್ಕೆ ಕತ್ತರಿಸಿತು. ಕೊನೆಯ 'ಹೂಂ' ಒಪ್ಪಿಗೆ ಅಲ್ಲ, ಹಿಂದೆ ಸರಿದದ್ದು.

ಈ ಕೊನೆಯದರಲ್ಲೇ ನಮ್ಮಲ್ಲಿ ಜಗಳ ಆಗ್ತಿತ್ತು. ಒಬ್ಬರು ಆ 'ಹೂಂ'ಗೆ ಒಪ್ಪಿಗೆ ಅಂತ ಹಾಕಿದರೆ ಇನ್ನೊಬ್ಬರು ಹಿಂದೆ ಸರಿದ ಅಂತ ಹಾಕ್ತಿದ್ದರು. ಮೌನ ಬಂದರಂತೂ ಇನ್ನೂ ಕಷ್ಟ. ಅಮ್ಮ ಏನೋ ಕೇಳ್ತಾರೆ, ಮಗಳು ಸುಮ್ನೆ ಇರ್ತಾಳೆ, ಅಮ್ಮನೂ ಸುಮ್ನೆ ಇರ್ತಾರೆ. ಆ ಮೌನ ಮುನಿಸಾ, ಕಾಯೋದಾ? ಮುಂದಿನ ಮಾತು ಯಾರಿಂದ ಬಂತು, ಹೇಗೆ ಬಂತು ಅಂತ ನೋಡಿದ ಮೇಲೆಯೇ ಗುರುತು ಹಾಕಬೇಕು ಅಂತ ನಿಯಮ ಮಾಡಿಕೊಂಡೆವು. ಒಂದೇ ವಿಡಿಯೋವನ್ನ ಇಬ್ಬರು ಬೇರೆ ಬೇರೆ ಕೂತು ನೋಡಿ, ಹೊಂದಿಕೆ ಎಷ್ಟು ಅಂತ ಕಪ್ಪಾ ಅನ್ನೋ ಅಂಕದಿಂದ ತೆಗೀತಾರೆ. ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟದ್ದು. ಅದು ಕಡಿಮೆ ಬಂದರೆ ಮತ್ತೆ ತರಬೇತಿ.

ಇದರಲ್ಲೂ ಕೊರತೆ ಇದೆ. ಕ್ಯಾಮೆರಾ ಮುಂದೆ ಎಲ್ಲರೂ ಸ್ವಲ್ಪ ಒಳ್ಳೆಯವರಾಗಿರ್ತಾರೆ. ಆದರೆ ಕತ್ತರಿಸಿ ಮಾತಾಡೋ ಅಭ್ಯಾಸ ಇದ್ದವರಿಗೆ 10 ನಿಮಿಷ ತಡೆದುಕೊಳ್ಳೋದು ಕಷ್ಟ.

ಇಬ್ಬರಪ್ಪ

ಮುಂಜಾವು ಅವರು ಕೊಟ್ಟ ತುಣುಕನ್ನ ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಏನೂ ಹೇಳಲಿಲ್ಲ, ನನ್ನನ್ನೇ ನೋಡಿದಳು. ನಿನ್ನೆ ಕಾರಿನಲ್ಲಿ ಹೋಗುವಾಗ ಮಗನಿಗೆ ಏನೂ ಕೇಳಲಿಲ್ಲ. ಅರ್ಧ ದಾರಿ ಮಾತಿಲ್ಲ. ಆಮೇಲೆ ಅವನೇ ಒಂದು ಕ್ರಿಕೆಟ್ ಮ್ಯಾಚಿನ ವಿಷಯ ಎತ್ತಿದ. ಅಷ್ಟೇ. ಆದರೂ ಬರೀಬೇಕು ಅನ್ನಿಸಿತು.

ಒಂದು ಅನುಮಾನ ಉಳಿದಿದೆ. ಎಲ್ಲವನ್ನೂ ಹೇಳಬೇಕು ಅಂತ ನಾನು ನಿರೀಕ್ಷೆ ಮಾಡೋದು ತಪ್ಪಾ? ಹೇಳದೇ ಇರೋದೆಲ್ಲ ಮುಚ್ಚಿಡೋದು ಅಂತ ಲೆಕ್ಕಾನಾ?

ಕೇಳುವಕಿವಿ

ಅಲ್ಲ ಸರ್. ಜುಡಿತ್ ಸ್ಮೆಟಾನಾ ಅನ್ನೋ ಮನಶ್ಶಾಸ್ತ್ರಜ್ಞೆ ಇದನ್ನ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಹದಿಹರೆಯದವರು ತಮ್ಮ ವಿಷಯಗಳನ್ನ ವಿಂಗಡಿಸ್ತಾರೆ. ಜೀವಕ್ಕೆ, ಆರೋಗ್ಯಕ್ಕೆ ಅಪಾಯ ಇರೋದು, ಬೇರೆಯವರಿಗೆ ನೋವಾಗೋದು, ಇಂಥದನ್ನ ಕೇಳುವ ಹಕ್ಕು ಅಪ್ಪ-ಅಮ್ಮನಿಗೆ ಇದೆ ಅಂತ ಬಹಳಷ್ಟು ಮಕ್ಕಳು ಒಪ್ತಾರೆ. ಯಾರ ಜೊತೆ ಸ್ನೇಹ, ಯಾವ ಹಾಡು, ಯಾವ ಬಟ್ಟೆ, ಡೈರಿಯಲ್ಲಿ ಏನು ಬರೆದೆ, ಇದೆಲ್ಲ ನನ್ನದು ಅಂತಾರೆ. ವಯಸ್ಸಾದ ಹಾಗೆ 'ನನ್ನದು' ಅನ್ನೋ ಪಟ್ಟಿ ಉದ್ದ ಆಗುತ್ತೆ. ಆ ಪಟ್ಟಿಯಲ್ಲಿ ಏನಿರಬೇಕು ಅನ್ನೋದಕ್ಕೇ ಮನೆಯಲ್ಲಿ ಜಗಳ ಆಗೋದು.

ಅದಕ್ಕೇ ನನಗೆ ಒಟ್ಟು ಅಂಕಕ್ಕಿಂತ ಬಿಡಿ ವಿಷಯಗಳ ಪಟ್ಟಿ ಇಷ್ಟ. ಸ್ನೇಹಿತರ ವಿಷಯ ಹೇಳದ ಮಗು, ಯಾರೋ ತೊಂದರೆ ಕೊಡ್ತಿದ್ದಾರೆ ಅನ್ನೋದನ್ನ ಹೇಳುತ್ತೆ ಅಂದರೆ ಆ ಮನೆ ಚೆನ್ನಾಗಿದೆ. ಎಲ್ಲ ಹರಟೆಯೂ ಹೇಳಿ, ಅದೊಂದನ್ನ ಮಾತ್ರ ಹೇಳೋಕೆ ಹೆದರುತ್ತೆ ಅಂದರೆ ಅಂಕ ಎಷ್ಟಿದ್ದರೂ ನನಗೆ ಚಿಂತೆ. ಅಂಥ ಮಕ್ಕಳನ್ನ ನೋಡಿದ್ದೀನಿ. ಮನೆಯವರು ಬಂದು 'ನಮ್ಮ ಹತ್ತಿರ ಎಲ್ಲಾ ಹೇಳ್ತಾನೆ' ಅಂತ ಪೂರ್ತಿ ನಂಬಿಕೆಯಿಂದ ಹೇಳ್ತಿರ್ತಾರೆ.

ತಿಳಿನೀರು

ಎಲ್ಲರೂ ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬಾ ಧನ್ಯವಾದ. ಮಗಳನ್ನ ಕೇಳಲ್ಲ. ಅದು ಕೇಳುವಕಿವಿ ಮೇಡಂ ಬರೆದ ದಿನವೇ ತೀರ್ಮಾನ ಆಯಿತು.

ನನ್ನ ಹಾಳೆಯ ನಕಲು ಇತ್ತು, ತೆಗೆದು ನೋಡಿದೆ. ಮೊದಲ ಭಾಗದಲ್ಲಿ ಎಲ್ಲಾ 4, 5. ಎರಡನೇ ಭಾಗದಲ್ಲಿ ಎರಡು ಕಡೆ ಪೆನ್ನಿನ ಗುರುತು ಹಾಕಿ, ಹೊಡೆದು, ಬೇರೆ ಹಾಕಿದ್ದೀನಿ. ಒಂದು, ಕೆಲವು ವಿಷಯ ಮಗಳ ಜೊತೆ ಮಾತಾಡೋದನ್ನ ತಪ್ಪಿಸ್ತೀನಿ ಅನ್ನೋದು. ಇನ್ನೊಂದು, ಅವಳು ಹೇಳೋದನ್ನೆಲ್ಲ ನಂಬೋಕೆ ಆಗುತ್ತಾ ಅನ್ನೋದು. ಒಟ್ಟು ಅಂಕಕ್ಕಿಂತ ಆ ಹೊಡೆದ ಎರಡು ಗುರುತೇ ನನಗೆ ಜಾಸ್ತಿ ಹೇಳಿದವು. ಮೊದಲನೆಯದರಲ್ಲಿ ನನ್ನ ಮನಸ್ಸಿಗೆ ಬಂದ ವಿಷಯ ಯಾವುದು ಅಂತ ಇಲ್ಲಿ ಬರೆಯಲ್ಲ. ಅದನ್ನ ಎತ್ತಬೇಕಾದವಳು ನಾನು, ಅವಳಲ್ಲ.

ಇನ್ನು ಎರಡು ಪ್ರಶ್ನೆ ಇದೆ. ಒಂದು ವರ್ಷದ ನಂತರ ಮತ್ತೆ ಅದೇ ಹಾಳೆ ಕೊಡ್ತಾರಂತೆ. ಈ ಸಲ ಯಜಮಾನರೂ ತುಂಬ್ತಾರೆ. ನಾವಿಬ್ಬರೂ ಕೂತು ಮಾತಾಡಿಕೊಂಡು ತುಂಬಬಹುದಾ? ಮತ್ತೆ, ಅಷ್ಟರಲ್ಲಿ ಅವಳಿಗೆ 15 ಆಗಿರುತ್ತೆ. ಅಂಕ ಇಳಿದರೆ ಕೆಟ್ಟಿದೆ ಅಂತ ಅರ್ಥಾನಾ?

ಅಂಕಿಅಂಶ

ಮಾತಾಡಿಕೊಂಡು ತುಂಬಬೇಡಿ. ಹಾಗೆ ಮಾಡಿದರೆ ಎರಡು ಹಾಳೆಯಲ್ಲಿ ಒಂದೇ ಉತ್ತರ ಇರುತ್ತೆ, ಅವರಿಗೆ ಎರಡನೇ ಹಾಳೆಯಿಂದ ಏನೂ ಸಿಗಲ್ಲ. ನಿಮ್ಮ ಯಜಮಾನರಿಗೆ ಕಂಡದ್ದು ಅವರು ಹಾಕಲಿ. ಈ ಸಲ ಹಾಕಿದ್ದನ್ನ ನೋಡಿಕೊಂಡೂ ಹಾಕಬೇಡಿ. ನಕಲನ್ನ ಎತ್ತಿಟ್ಟುಬಿಡಿ.

ಇಳಿಯೋದರ ಬಗ್ಗೆ: 11ರಿಂದ 15ರ ಒಳಗೆ ಹೇಳಿಕೊಳ್ಳೋದು ಕಷ್ಟ ಆಗ್ತಾ ಹೋಗುತ್ತೆ ಅಂತ ಆಗಲೇ ಬರೆದಿದ್ದೆ. ಜಗಳದ ವಿಷಯಕ್ಕೆ ಬಂದರೆ, ಬ್ರೆಟ್ ಲಾರ್ಸೆನ್ ಮತ್ತು ಜೊತೆಗಾರರು 1998ರಲ್ಲಿ ಹಳೆಯ ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದ್ದಾರೆ. ಹದಿಹರೆಯದ ಶುರುವಿನಲ್ಲಿ ಜಗಳಗಳ ಸಂಖ್ಯೆ ಜಾಸ್ತಿ, ಆಮೇಲೆ ಕಡಿಮೆ ಆಗ್ತಾ ಹೋಗುತ್ತೆ. ಆದರೆ ಮಧ್ಯದ ವರ್ಷಗಳಿಗೆ ಬರೋ ಹೊತ್ತಿಗೆ ಒಂದೊಂದು ಜಗಳದ ಬಿಸಿ ಹೆಚ್ಚಾಗುತ್ತೆ. ನಿಮ್ಮ ಮಗಳು ಈಗ ಕಾಲಿಡ್ತಿರೋದು ಅಲ್ಲಿಗೇ. ಹಾಗಾಗಿ ಸ್ವಲ್ಪ ಇಳಿದರೆ ಅದು ವಯಸ್ಸಿನ ಇಳಿಕೆಯೂ ಆಗಿರಬಹುದು. ನಿಮ್ಮ ಅಂಕವೂ ಇಳಿದರೆ ಗಾಬರಿ ಬೇಡ. ಅವಳಿಗೆ ಕಾಣೋದು ನಿಮಗೂ ಕಾಣೋಕೆ ಶುರುವಾಗಿರಬಹುದು.

ನೀಲಿಪೆನ್ನು

ಆಂಟಿ, ಇನ್ನೊಂದೇ ಮಾತು. ಶಾಲೆಯಿಂದ ಬಂದ ತಕ್ಷಣ ಮಾತಾಡೋಕೆ ಕೂರ್ತೀನಿ ಅಂತ ಬರೆದಿದ್ದಿರಿ. ಆ ಹೊತ್ತಲ್ಲಿ ನನಗಂತೂ ತಲೆಯೇ ಓಡಲ್ಲ. ರಾತ್ರಿ ಮಲಗೋ ಮುಂಚೆ ಲೈಟ್ ಆರಿಸೋಕೆ ಅಮ್ಮ ರೂಮಿಗೆ ಬರ್ತಾರಲ್ಲ, ಆಗ ಮಾತು ಬರುತ್ತೆ. ಎಲ್ಲರಿಗೂ ಹಾಗೇನಾ ಗೊತ್ತಿಲ್ಲ. ಅವಳಿಗೆ ಯಾವ ಹೊತ್ತು ಅಂತ ನೋಡಿ.

ತಿಳಿನೀರು

ನೋಡ್ತೀನಿ ಪುಟ್ಟಾ. ನಿನ್ನ ಅಮ್ಮನಿಗೆ ಆ ಮೂರನೇ ವಾಕ್ಯ ಹೇಳೋಕೆ ನಿನಗೂ ಒಂದು ದಿನ ಆಗಲಿ.